ಸಗಣಿಯಿಂದ ವಿದ್ಯುಚ್ಛಕ್ತಿ: ಪುರ ಗ್ರಾಮದ ಚರಿತ್ರೆ



ಚನ್ನರಾಯಪಟ್ಟಣದಿಂದ ಬೆಂಗಳೂರಿನ ಕಡೆಗೆ ಹೊರಟರೆ ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು ದಾಟಿದ ಮೇಲೆ ಕುಣಿಗಲ್ ಸಿಗುತ್ತದೆ. ಹಾಸನದವರು, ಹೊಳೆನರಸೀಪುರದವರು, ಅರಕಲಗೂಡಿನವರು ಎಷ್ಟೋ ಸಲ ಈ ದಾರಿಯಲ್ಲಿ ಬಸ್ಸಿನಲ್ಲಿ ಕೂತು ಹೋಗಿದ್ದೀರಿ. ಆ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಅಂತ ಒಂದು ಚಿಕ್ಕ ಹಳ್ಳಿ. ಎಂಬತ್ತು ಚಿಲ್ಲರೆ ಮನೆ, ಐನೂರರೊಳಗಿನ ಜನ, ಇನ್ನೂರೈವತ್ತರ ಸುಮಾರು ದನಕರು. ನಿಮ್ಮ ಊರಿಗೂ ಆ ಊರಿಗೂ ನೋಡುವುದಕ್ಕೆ ಏನೂ ವ್ಯತ್ಯಾಸವಿಲ್ಲ. ಆದರೆ 1987ನೇ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಆ ಊರಿನವರು ತಮ್ಮ ಕೊಟ್ಟಿಗೆಯ ಸಗಣಿಯಿಂದಲೇ ವಿದ್ಯುಚ್ಛಕ್ತಿ ಮಾಡಿ, ಕೊಳವೆಬಾವಿಯಿಂದ ಕುಡಿಯುವ ನೀರೆತ್ತಿ, ಮನೆಗಳಿಗೆ ದೀಪ ಹಾಕಿಕೊಂಡರು.

ಅದು ಹೇಗೆ ಬಂತು, ಹೇಗೆ ನಡೆಯಿತು, ಕೊನೆಗೆ ಯಾಕೆ ನಿಂತಿತು, ಅದರಿಂದ ನಮ್ಮ ನಾಲ್ಕು ತಾಲ್ಲೂಕಿನ ಒಕ್ಕಲು ಮಕ್ಕಳು ಕಲಿಯಬೇಕಾದ್ದು ಏನು ಎಂಬುದೇ ಇವತ್ತಿನ ಮಾತು.

ಮೊದಲು ಈ ಗ್ಯಾಸು ಯಾವುದು ಅಂತ ತಿಳಿಯೋಣ. ಬೇಸಗೆಯಲ್ಲಿ ಕೆರೆ ನೀರು ಇಳಿದಾಗ ಅಂಚಿನ ಕೆಸರಿಗೆ ಕೋಲು ಹಾಕಿ ಕೆದಕಿದರೆ ಬುಳಬುಳ ಎಂದು ಗುಳ್ಳೆ ಏಳುವುದನ್ನು ದನ ಕಾಯುವ ಹುಡುಗರೆಲ್ಲ ನೋಡಿರುತ್ತಾರೆ. ಆ ಗುಳ್ಳೆಯಲ್ಲಿರುವುದು ಉರಿಯುವ ಗಾಳಿ. ಹಿಂದಿನವರು ಕತ್ತಲಲ್ಲಿ ಜೌಗಿನ ಕಡೆ ಕಂಡು ಕೊಳ್ಳಿದೆವ್ವ ಅಂತ ಹೆದರುತ್ತಿದ್ದ ಬೆಳಕಿಗೂ ಇಂಥ ಗಾಳಿಯೇ ಕಾರಣವಿರಬೇಕು ಎಂದು ತಿಳಿದವರು ಹೇಳುತ್ತಾರೆ. ಇಟಲಿ ದೇಶದ ಅಲೆಸ್ಸಾಂಡ್ರೊ ವೋಲ್ಟ ಎಂಬ ವಿಜ್ಞಾನಿ 1776ರಲ್ಲಿ ಒಂದು ಸರೋವರದ ಅಂಚಿನ ಕೆಸರಿನಿಂದ ಈ ಗಾಳಿಯನ್ನು ಹಿಡಿದು, ಇದು ಉರಿಯುತ್ತದೆ ಎಂದು ತೋರಿಸಿದ. ಇದಕ್ಕೆ ಮೀಥೇನ್ ಎಂದು ಹೆಸರು.

ಸಗಣಿ, ಸೊಪ್ಪು, ಉಳಿದ ಅನ್ನ, ಕೊಳೆತ ತರಕಾರಿ, ಯಾವುದೇ ಆಗಲಿ, ಗಾಳಿಯಾಡುವ ಕಡೆ ಕೊಳೆತರೆ ಮೀಥೇನು ಹೆಚ್ಚಾಗಿ ಬರುವುದಿಲ್ಲ. ಗಾಳಿ ಸಿಗದ ಹಾಗೆ, ತೇವದಲ್ಲಿ, ಬೆಚ್ಚಗೆ ಕೊಳೆತರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ತಿಂದು ಗ್ಯಾಸು ಬಿಡುತ್ತವೆ. ಸಗಣಿ ಗ್ಯಾಸಿನ ನೂರು ಪಾಲಿನಲ್ಲಿ 55ರಿಂದ 65 ಪಾಲು ಮೀಥೇನು. ಉಳಿದದ್ದು ಹೆಚ್ಚುಭಾಗ ಇಂಗಾಲದ ಡೈಆಕ್ಸೈಡ್. ಹಸು ಮೆಲುಕು ಹಾಕುವಾಗ ಹೊಟ್ಟೆಯೊಳಗೆ ನಡೆಯುವ ಕೆಲಸವೇ ಗ್ಯಾಸಿನ ತೊಟ್ಟಿಯೊಳಗೂ ನಡೆಯುತ್ತದೆ ಎಂದು ತಿಳಿಯಿರಿ. ಅದಕ್ಕೇ ತೊಟ್ಟಿಗೂ ಹಸುವಿನ ಹಾಗೆ ದಿನಾ ಹೊತ್ತಿಗೆ ಸರಿಯಾಗಿ ಮೇವು ಬೀಳಬೇಕು. ಈ ಮಾತನ್ನು ಗಂಟು ಹಾಕಿಕೊಳ್ಳಿ, ಕಥೆಯ ಉದ್ದಕ್ಕೂ ಇದೇ ಬರುತ್ತದೆ.

ಕೊಳೆತದ್ದರಿಂದ ದೀಪ ಹಚ್ಚುವುದು ಹೊಸ ವಿದ್ಯೆಯೇನೂ ಅಲ್ಲ. ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ 1895ರ ವೇಳೆಗೆ ಚರಂಡಿ ಕೊಳೆಯ ತೊಟ್ಟಿಯ ಗ್ಯಾಸಿನಿಂದ ದೀಪ ಉರಿಸಿದರು. ನಮ್ಮ ದೇಶದಲ್ಲಿ ಮುಂಬಯಿಯ ಮಾಟುಂಗದಲ್ಲಿದ್ದ ಕುಷ್ಠರೋಗಿಗಳ ಆಶ್ರಯದಲ್ಲಿ 1897ರಲ್ಲಿ ಪಾಯಿಖಾನೆಯ ಕೊಳೆಯಿಂದ ಗ್ಯಾಸು ಹಿಡಿದು ಬೆಳಕಿಗೆ ಬಳಸಿದರು, ಮುಂದೆ ಯಂತ್ರ ನಡೆಸುವುದಕ್ಕೂ ಬಳಸಿದರು. ಲೋಕ ದೂರವಿಟ್ಟಿದ್ದ ಜನರ ಮನೆಯಲ್ಲಿ, ಲೋಕ ಮೂಗು ಮುಚ್ಚಿಕೊಳ್ಳುವ ಕೊಳೆಯಿಂದ ಈ ದೇಶದಲ್ಲಿ ಗ್ಯಾಸು ದೀಪಗಳು ಹತ್ತಿಕೊಂಡವು.

ಆದರೆ ಅದೇ ಕಾಲಕ್ಕೆ ನಮ್ಮ ಮೈಸೂರು ಸೀಮೆಯಲ್ಲಿ ಬೇರೊಂದು ಶಕ್ತಿ ಕಣ್ಣು ಬಿಟ್ಟಿತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನು ಮುಟ್ಟಿ ಹರಿಯುವ ಕಾವೇರಿ, ಹೊಳೆನರಸೀಪುರವನ್ನು ಬಳಸಿ ಹೋಗಿ ಅದೇ ಕಾವೇರಿಯನ್ನು ಸೇರುವ ಹೇಮಾವತಿ, ಎರಡೂ ನಿಮ್ಮ ಹೊಲದ ಪಕ್ಕದ ನೀರೇ. ನಿಮ್ಮೂರಿನ ಹೊಳೆ ಗಣಿಗೆ ಬೆಳಕಾಯಿತು, ಪೇಟೆಗೆ ಬೆಳಕಾಯಿತು. ಹಳ್ಳಿಯ ಪಾಲಿಗೆ ಮಾತ್ರ ಇನ್ನೂ ಎಷ್ಟೋ ವರ್ಷ ಬುಡ್ಡಿದೀಪವೇ ಗತಿಯಾಗಿತ್ತು. ತಂತಿ ಬಂದ ಮೇಲೂ ಎಲ್ಲರ ಮನೆಗೂ ಬರಲಿಲ್ಲ. ಬಂದ ಮನೆಯಲ್ಲೂ ಸಂಜೆ ಹೊತ್ತು ಕೆಂಡದ ಹಾಗೆ ಮಿಣುಕುತ್ತಿತ್ತು. ಇದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಇತ್ತ ಸಗಣಿ ಗ್ಯಾಸಿನ ಕೆಲಸ ನಿಧಾನವಾಗಿ ನಡೆಯುತ್ತಿತ್ತು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿಯವರು 1930ರ ದಶಕದ ಕೊನೆಯಲ್ಲಿ ಪ್ರಯೋಗ ಮಾಡಿದರು. 1950ರ ದಶಕದಲ್ಲಿ ಜಶಭಾಯಿ ಪಟೇಲರು ಬಾವಿಯಂಥ ತೊಟ್ಟಿ ಕಟ್ಟಿ, ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಿದ ಮಾದರಿ ಮಾಡಿದರು. ಗ್ಯಾಸು ತುಂಬಿದಂತೆ ಡ್ರಮ್ಮು ಮೇಲಕ್ಕೇಳುತ್ತದೆ, ಉರಿಸಿದಂತೆ ಕೆಳಗಿಳಿಯುತ್ತದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 1960ರ ದಶಕದ ಆರಂಭದಲ್ಲಿ ಇದನ್ನು ಕೈಗೆತ್ತಿಕೊಂಡು ದೇಶಕ್ಕೆಲ್ಲ ಹರಡಿತು. ಡ್ರಮ್ಮಿಲ್ಲದೆ ಇಟ್ಟಿಗೆ ಗುಮ್ಮಟ ಕಟ್ಟುವ ಜನತಾ ಮಾದರಿ 1978ರಲ್ಲಿ, ಅದಕ್ಕಿಂತ ಕಡಿಮೆ ಖರ್ಚಿನ ದೀನಬಂಧು ಮಾದರಿ 1984ರಲ್ಲಿ ಬಂದವು. 1981-82ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಯೋಜನೆಯನ್ನೇ ಹಾಕಿಕೊಂಡಿತು. ಇವೆಲ್ಲ ಹೆಚ್ಚಾಗಿ ಒಂದೊಂದು ಮನೆಯ ಅಡಿಗೆಗೆ. ನಾಲ್ಕಾರು ದನ ಇದ್ದ ಮನೆಗೆ ಅನುಕೂಲ. ದನವೇ ಇಲ್ಲದ, ಒಂದೇ ಎಮ್ಮೆ ಇರುವ ಮನೆಗೆ ಏನು ದಾರಿ? ಪುರದ ಕಥೆ ಹುಟ್ಟುವುದು ಈ ಪ್ರಶ್ನೆಯಿಂದ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರಿದ್ದರು. 1974ರಲ್ಲಿ ಅವರು ಕೆಲವರನ್ನು ಕೂಡಿಕೊಂಡು, ಹಳ್ಳಿಗೆ ಬೇಕಾದ ವಿಜ್ಞಾನದ ಕೆಲಸ ಮಾಡಲು ‘ಅಸ್ತ್ರ’ ಎಂಬ ಕೇಂದ್ರ ಆರಂಭಿಸಿದರು. ಹೊಗೆ ಕಡಿಮೆ ಮಾಡುವ ‘ಅಸ್ತ್ರ ಒಲೆ’ ನಿಮ್ಮಲ್ಲಿ ಅನೇಕ ತಾಯಂದಿರಿಗೆ ಗೊತ್ತಿರಬೇಕು. ಅದು ಆ ಕೇಂದ್ರದ್ದೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಠಾಣ್ಯ ಹಾಕಿ, 1970ರ ದಶಕದ ಕೊನೆಯಲ್ಲಿ ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ಎಷ್ಟು ಹೊತ್ತು ನೀರು ಹೊರುತ್ತೀರಿ, ಸೀಮೆಎಣ್ಣೆ ಎಷ್ಟು ಬೇಕು ಎಂದು ಕೇಳಿ ಲೆಕ್ಕ ಬರೆದರು. ಆ ಹಳ್ಳಿಗಳಲ್ಲಿ ಪುರವೂ ಒಂದು.

ಲೆಕ್ಕ ನೋಡಿದರೆ ಹಳ್ಳಿಯಲ್ಲಿ ಉರಿಯುವುದರಲ್ಲಿ ಬಹುಪಾಲು ಅಡಿಗೆಯ ಸೌದೆ. ಹಾಗಾದರೆ ಊರಿಗೆಲ್ಲ ಒಂದು ದೊಡ್ಡ ಗ್ಯಾಸಿನ ತೊಟ್ಟಿ ಕಟ್ಟಿ, ಕೊಳವೆಯಲ್ಲಿ ಮನೆಮನೆಗೂ ಅಡಿಗೆಗೆ ಗ್ಯಾಸು ಕೊಡೋಣ ಎಂದು ಹೊರಟರು. ಒಳ್ಳೆಯ ಯೋಚನೆ. ಆದರೆ ಅದು ಕೈಗೂಡಲಿಲ್ಲ.

ಯಾಕೆ ಎಂಬುದನ್ನು ನಾವೇ ಬೆರಳಲ್ಲಿ ಎಣಿಸಬಹುದು. ಒಬ್ಬರ ಅಡಿಗೆಗೆ ದಿನಕ್ಕೆ ಸುಮಾರು ಕಾಲು ಘನಮೀಟರು ಗ್ಯಾಸು ಬೇಕು. 480 ಜನಕ್ಕೆ 120 ಘನಮೀಟರು. ಒಂದು ಘನಮೀಟರು ಗ್ಯಾಸಿಗೆ ಸುಮಾರು 25 ಕಿಲೋ ಸಗಣಿ. ಅಲ್ಲಿಗೆ ದಿನವೂ 3,000 ಕಿಲೋ ಸಗಣಿ ಬೇಕು. ಊರಿನ ದನಗಳೋ ನಾಟಿ ದನಗಳು. ಹಗಲೆಲ್ಲ ಬಯಲಲ್ಲಿ ಮೇದು ಅಲ್ಲೇ ಹಾಕಿ ಬರುತ್ತವೆ. ರಾತ್ರಿ ಕೊಟ್ಟಿಗೆಯಲ್ಲಿ ತಲಾ ಐದು ಕಿಲೋ ಸಿಕ್ಕರೂ 250 ದನಕ್ಕೆ 1,250 ಕಿಲೋ. ಬೇಕಾದ್ದರಲ್ಲಿ ಅರ್ಧವೂ ಇಲ್ಲ. ಒಲೆಯ ಮೇಲೆ ಅನ್ನ ಅರ್ಧ ಬೆಂದಿರುವಾಗ ಗ್ಯಾಸು ನಿಂತರೆ ಯಾವ ಹೆಣ್ಣುಮಗಳು ಅದನ್ನು ನಂಬುತ್ತಾಳೆ? ಮತ್ತೆ ಸೌದೆಯನ್ನೇ ಹುಡುಕುತ್ತಾಳೆ. ತಪ್ಪು ಅವಳದಲ್ಲ.

ಇಂಥ ಸಮಯದಲ್ಲಿ ಊರಿನವರ ಮಾತಿಗೆ ಕಿವಿಗೊಟ್ಟದ್ದೇ ಈ ಚರಿತ್ರೆಯ ತಿರುವು. ಊರಿಗೆ ಮೊದಲು ಬೇಕಾಗಿದ್ದದ್ದು ಒಲೆಗೆ ಗ್ಯಾಸಲ್ಲ, ಕುಡಿಯುವುದಕ್ಕೆ ಒಳ್ಳೆಯ ನೀರು. ನೀರು ಹೊರುವುದು ಹೆಂಗಸರ, ಮಕ್ಕಳ ದಿನನಿತ್ಯದ ದುಡಿಮೆ. ಆಮೇಲೆ ಬೇಕಾದ್ದು ಬೆಳಕು. ಸರಿ, ಅದೇ ಗ್ಯಾಸನ್ನು ಒಲೆಗೆ ಕೊಡದೆ ಯಂತ್ರಕ್ಕೆ ಕೊಟ್ಟು ನೋಡೋಣ ಎಂದರು. ಲೆಕ್ಕ ತಿರುಗಿ ನಿಂತಿತು. ಚಿಕ್ಕ ಯಂತ್ರದಲ್ಲಿ ಒಂದು ಘನಮೀಟರು ಗ್ಯಾಸಿಗೆ ಒಂದೂಕಾಲು ಯೂನಿಟ್ಟಿನಷ್ಟು ಕರೆಂಟು ಸಿಗುತ್ತದೆ. 40 ಘನಮೀಟರಿಗೆ 50 ಯೂನಿಟ್ಟು. ಊರಿನ ಅಡಿಗೆಗೆ ಅರ್ಧಕ್ಕೂ ಸಾಲದ ಗ್ಯಾಸು, ಊರಿನ ನೀರಿಗೂ ದೀಪಕ್ಕೂ ಸಾಕಾಗಿ ಮಿಗುವಂತಾಯಿತು! ಸಗಣಿ ಅದೇ, ತೊಟ್ಟಿಯ ವಿದ್ಯೆಯೂ ಅದೇ. ಯಾವ ಕೆಲಸಕ್ಕೆ ಬಳಸುವುದು ಎಂಬ ತೀರ್ಮಾನ ಮಾತ್ರ ಬೇರೆ.

ಏರ್ಪಾಡು ಹೀಗಿತ್ತು. ಎರಡು ತೊಟ್ಟಿ, ಎರಡೂ ಸೇರಿ ದಿನಕ್ಕೆ 42 ಘನಮೀಟರಿನಷ್ಟು ಗ್ಯಾಸು ಕೊಡುವ ಅಳತೆಯವು. 7 ಕುದುರೆಬಲದ ಡೀಸೆಲ್ ಎಂಜಿನ್ನು, ಅದಕ್ಕೆ 5 ಕೆ.ವಿ.ಎ. ಜನರೇಟರು. ಕಿಡಿ ಹತ್ತಿಸುವುದಕ್ಕೆ ಸ್ವಲ್ಪ ಡೀಸೆಲ್ ಬೇಕು. ಉಳಿದ ಹೆಚ್ಚಿನ ಕೆಲಸವನ್ನೆಲ್ಲ ಗ್ಯಾಸೇ ಮಾಡುತ್ತದೆ. ಆ ಕರೆಂಟಿನಿಂದ ಕೊಳವೆಬಾವಿಯ ಮೋಟಾರು ನಡೆದು ನಲ್ಲಿಗೆ ನೀರು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟು. ಯಂತ್ರ ನೋಡಿಕೊಳ್ಳುವವರು ಊರಿನ ಹುಡುಗರೇ, ಕೆಲಸ ಕಲಿಸಿ ನಿಲ್ಲಿಸಿದ್ದರು.

ಈಗ ಗಮನವಿಟ್ಟು ಕೇಳಿ. ಪುರದ ಜಾಣತನವಿದ್ದದ್ದು ಎಂಜಿನ್ನಿನಲ್ಲಲ್ಲ, ಸಗಣಿಯ ಲೆಕ್ಕದಲ್ಲಿ. ಬೆಳಿಗ್ಗೆ ಹೆಚ್ಚಾಗಿ ಹೆಂಗಸರು, ಮಕ್ಕಳು ಸಗಣಿ ತರುತ್ತಿದ್ದರು. ಅದನ್ನು ತೂಕ ಮಾಡಿ ಬರೆದುಕೊಂಡು ಕಿಲೋಗೆ 2 ಪೈಸೆ ಕೊಡುತ್ತಿದ್ದರು. 20 ಕಿಲೋ ತಂದವರಿಗೆ 40 ಪೈಸೆ. ಅಷ್ಟೇನಾ ಅನ್ನಬಹುದು. ಆದರೆ ಅದು ಸಗಣಿಯ ಕ್ರಯ ಅಲ್ಲ, ಹೊತ್ತು ತಂದ ಕೂಲಿ. ಸಗಣಿಯ ಸತ್ವ ರೈತನಿಗೇ ವಾಪಸು ಬರುತ್ತಿತ್ತು. ಗ್ಯಾಸು ಬಿಟ್ಟ ಮೇಲೆ ಹೊರಬರುವ ಬಗ್ಗಡವನ್ನು ಮರಳಿನ ಪಾತಿಯಲ್ಲಿ ಸೋಸಿ ಗಟ್ಟಿ ಮಾಡಿ, ತಂದವರಿಗೆ ತಂದ ಪ್ರಮಾಣಕ್ಕೆ ತಕ್ಕಂತೆ ಹಿಂದಕ್ಕೆ ಕೊಡುತ್ತಿದ್ದರು. ಸೋಸಿದ ನೀರನ್ನು ಮಾರನೆಯ ದಿನದ ಸಗಣಿ ಕಲಸುವುದಕ್ಕೆ ಬಳಸುತ್ತಿದ್ದರು. ನೀರೂ ಉಳಿಯಿತು, ಗ್ಯಾಸು ಮಾಡುವ ಜೀವಿಗಳೂ ಉಳಿದವು. ಬಯಲ ತಿಪ್ಪೆಯಲ್ಲಿ ಬಿಸಿಲಿಗೂ ಮಳೆಗೂ ಹೋಗುವ ಸಾರಜನಕ ಬಗ್ಗಡದಲ್ಲಿ ಹೆಚ್ಚು ಉಳಿದಿರುತ್ತದೆ. ಕಳೆಯ ಬೀಜವೂ ಬಹುಮಟ್ಟಿಗೆ ಸತ್ತಿರುತ್ತದೆ. ರಾಗಿ ಹೊಲಕ್ಕಾಗಲಿ ತೆಂಗಿನ ಬುಡಕ್ಕಾಗಲಿ ಇದಕ್ಕಿಂತ ಒಳ್ಳೆಯ ಗೊಬ್ಬರ ಯಾವುದು?

ಪುರದವರು ಸಗಣಿಯನ್ನು ಉರಿಸುವವರಲ್ಲ, ಹೊಲಕ್ಕೆ ಹಾಕುವವರು. ಗೊಬ್ಬರ ವಾಪಸು ಬರುವುದಿಲ್ಲ ಎಂದಿದ್ದರೆ ಒಂದು ಬುಟ್ಟಿಯೂ ತೊಟ್ಟಿಯ ಹತ್ತಿರ ಬರುತ್ತಿರಲಿಲ್ಲ. ಇದನ್ನೆಲ್ಲ ನೋಡಿಕೊಳ್ಳುವುದಕ್ಕೆ ಊರಿನವರೇ ಗ್ರಾಮ ವಿಕಾಸ ಸಭೆ ಮಾಡಿಕೊಂಡರು. ದೀಪಕ್ಕೆ, ನಲ್ಲಿಗೆ ತಿಂಗಳ ಹಣ ಕಟ್ಟಬೇಕು. ‘ನನ್ನದೊಂದು ಮನೆ ಕೊಡದಿದ್ದರೆ ಏನಾಗುತ್ತೆ’ ಎಂದು ಹತ್ತು ಜನ ಕೂತರೆ ಮಾರನೆಯ ದಿನ ಎಂಜಿನ್ನು ಕೂರುತ್ತದೆ, ಆ ಹತ್ತು ಮನೆಗೂ ನೀರಿಲ್ಲ. ಬೇರೆ ಕಡೆ ಸಾರ್ವಜನಿಕ ಆಸ್ತಿಯೆಂದರೆ ಯಾರದೂ ಅಲ್ಲ. ಇಲ್ಲಿ ಅದು ಪ್ರತಿಯೊಬ್ಬರ ಬಿಂದಿಗೆಗೆ ನೇರವಾಗಿ ಕಟ್ಟಿಕೊಂಡಿತ್ತು. ಅದರಿಂದಲೇ ಅದು ನಡೆಯಿತು.

ಎಷ್ಟು ಕಾಲ ನಡೆಯಿತು? ಸುಮಾರು ಹತ್ತು ವರ್ಷ. ಆಮೇಲೆ ನಿಂತಿತು. ಈಗ ಅಲ್ಲಿ ಆ ಎಂಜಿನ್ನು ನಡೆಯುತ್ತಿಲ್ಲ. ಇದನ್ನು ಮುಚ್ಚಿಟ್ಟು, ಪುರ ಈಗಲೂ ಹಾಗೇ ಬೆಳಗುತ್ತಿದೆ ಎಂದು ನಿಮಗೆ ಹೇಳಿದರೆ ಅದು ಉಪಕಾರವಾಗುವುದಿಲ್ಲ. ಅಮೂಲ್ಯ ರೆಡ್ಡಿಯವರೇ 2004ರಲ್ಲಿ ಪುರದಿಂದ ಕಲಿತ ಪಾಠಗಳನ್ನು ಬರೆದಿಟ್ಟರು, 2006ರಲ್ಲಿ ತೀರಿಕೊಂಡರು. ನಮ್ಮ ಅನುಭವಕ್ಕೂ ನಿಲುಕುವ ಮಾತು ಇಷ್ಟು: ಪಕ್ಕದಲ್ಲೇ ಸರ್ಕಾರದ ತಂತಿಯಲ್ಲಿ ಕಡಿಮೆ ದರದ ಕರೆಂಟು, ಪಂಚಾಯಿತಿ ನಲ್ಲಿಯಲ್ಲಿ ನೀರು ಬರುತ್ತದೆ ಎಂದಾದರೆ, ದಿನಾ ಬುಟ್ಟಿ ಹೊತ್ತು, ತಿಂಗಳು ತಿಂಗಳು ಹಣ ಕಟ್ಟಿ ಸ್ವಂತ ಯಂತ್ರ ನಡೆಸುವ ಹುರುಪು ಎಷ್ಟು ದಿನ ಉಳಿದೀತು? ಗ್ಯಾಸಿನ ತೊಟ್ಟಿ ಸಾಯುವುದು ಬಿರುಕಿನಿಂದ ಕಡಿಮೆ, ಹಸಿವಿನಿಂದ ಹೆಚ್ಚು. ನಿಮ್ಮ ಸುತ್ತಲಿನ ಹಳ್ಳಿಗಳಲ್ಲೇ ಸಹಾಯಧನ ಬಂದಾಗ ಕಟ್ಟಿ, ದನ ಮಾರಿದ ಮೇಲೆ ಗಿಡ ಬೆಳೆದುಕೊಂಡಿರುವ ತೊಟ್ಟಿಗಳನ್ನು ನೀವು ಕಂಡಿಲ್ಲವೇ?

ಹಾಗಾದರೆ ಈ ವಿದ್ಯೆ ಈಗ ಯಾಕೆ ಬೇಕು? ಯಾಕೆಂದರೆ ಪೇಟೆಯ ಕಸ ಹಳ್ಳಿಯ ಬಾಗಿಲಿಗೆ ಬಂದಿದೆ. ಪೇಟೆಯವರು ಎಸೆಯುವ ಅನ್ನ, ತರಕಾರಿ, ಬಾಳೆಲೆ, ಪ್ಲಾಸ್ಟಿಕ್ ಎಲ್ಲ ಒಟ್ಟಾಗಿ ಲಾರಿಯಲ್ಲಿ ಬಂದು ಹಳ್ಳಿಯಂಚಿನಲ್ಲಿ ಗುಡ್ಡವಾಗುತ್ತದೆ. ಗುಡ್ಡದ ಒಳಗೆ ಗಾಳಿಯಾಡುವುದಿಲ್ಲ. ಅಂದಮೇಲೆ ಅಲ್ಲೂ ಮೀಥೇನು ಹುಟ್ಟುತ್ತದೆ. ಹಿಡಿಯುವವರಿಲ್ಲದೆ ಆಕಾಶಕ್ಕೆ ಹೋಗುತ್ತದೆ, ಇಲ್ಲವೇ ಹೊತ್ತಿಕೊಳ್ಳುತ್ತದೆ. 2023ರ ಮಾರ್ಚ್ ತಿಂಗಳಲ್ಲಿ ಕೇರಳದ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು, ಹತ್ತು ದಿನಕ್ಕೂ ಮೇಲೆ ಊರೆಲ್ಲ ಹೊಗೆಯಾಯಿತು. ಆಕಾಶಕ್ಕೆ ಹೋದ ಮೀಥೇನೂ ಸುಮ್ಮನಿರುವುದಿಲ್ಲ. ನೂರು ವರ್ಷದ ಲೆಕ್ಕದಲ್ಲಿ, ತೂಕಕ್ಕೆ ತೂಕ, ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಾಲು ಹೆಚ್ಚು ಭೂಮಿಯ ಕಾವು ಏರಿಸುತ್ತದೆ. ಭೂಮಿ ಕಾದು ಮಳೆಯ ನಡೆ ಹೆಚ್ಚುಕಡಿಮೆಯಾದರೆ ಮೊದಲು ಕೈ ಸುಟ್ಟುಕೊಳ್ಳುವವನು ರೈತನೇ.

ಕಸದ ಗುಡ್ಡಕ್ಕೆ ಕೊಳವೆ ಇಳಿಸಿ ಗ್ಯಾಸು ಹೀರುವ ಕೆಲಸ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಲೋಸ್ ವರ್ಡೆಸ್ ಎಂಬಲ್ಲಿ 1975ರಲ್ಲಿ ಆರಂಭವಾಯಿತು. ಆಮೇಲೆ ಅನೇಕ ದೇಶಗಳಲ್ಲಿ ಅದರಿಂದ ವಿದ್ಯುಚ್ಛಕ್ತಿ ತೆಗೆದರು. ನಮ್ಮಲ್ಲಿ ಮುಂಬಯಿಯ ಗೊರಾಯಿ ಕಸದ ಗುಡ್ಡವನ್ನು 2009ರ ಹೊತ್ತಿಗೆ ಹೊದಿಕೆ ಹಾಕಿ ಮುಚ್ಚಿ, ಗ್ಯಾಸು ಹಿಡಿಯುವ ಏರ್ಪಾಡು ಮಾಡಿದರು. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರುಗಳ ಕಥೆ ನಿಮಗೆ ಗೊತ್ತು. ಅಲ್ಲಿನ ಹಳ್ಳಿಯವರು ನಮ್ಮ ನೀರು ಕೆಟ್ಟಿತು, ನೊಣ ತುಂಬಿತು ಎಂದು ದಾರಿಗೆ ಅಡ್ಡ ಕೂತ ಮೇಲೆ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಯಲ್ಲಿ ಲಾರಿ ಹೋಗುವುದು ನಿಂತಿತು.

ಕಸದ ಗುಡ್ಡ ಕಟ್ಟಿ ಆಮೇಲೆ ಕೊಳವೆ ಇಳಿಸುವುದು ಎಂದರೆ ಕೊಡ ಒಡೆದ ಮೇಲೆ ನೀರು ಬಳಿದ ಹಾಗೆ. ಎಷ್ಟು ಹೀರಿದರೂ ಒಂದು ಪಾಲು ಸೋರಿಯೇ ಸೋರುತ್ತದೆ. ಪ್ಲಾಸ್ಟಿಕ್ಕು, ಗಾಜು ಬೆರೆತ ಕಸ ಗೊಬ್ಬರಕ್ಕೂ ಬಾರದು. ಕೊಳೆನೀರು ಅಂತರ್ಜಲಕ್ಕೆ ಇಳಿಯುತ್ತದೆ. ಅದೇ ಹಸಿಕಸವನ್ನು ಮೊದಲೇ ಬೇರೆ ಮಾಡಿ, ಪುರದಂತೆ ತೊಟ್ಟಿಗೆ ಹಾಕಿದರೆ ಗ್ಯಾಸೂ ಕೈಗೆ ಸಿಗುತ್ತದೆ, ಬಗ್ಗಡವೂ ಹೊಲಕ್ಕೆ ಬರುತ್ತದೆ. ಹಸಿ ಕಸ, ಒಣ ಕಸ ಬೇರೆ ಮಾಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಸ್ಪಷ್ಟವಾಗಿ ಹೇಳಿದವು. 2018ರಲ್ಲಿ ಕೇಂದ್ರ ಸರ್ಕಾರ ಗೋಬರ್‌ಧನ್ ಎಂಬ ಯೋಜನೆಯನ್ನು ಹಳ್ಳಿಗಳಿಗಾಗಿ ತಂದದ್ದೂ ಇದೇ ಉದ್ದೇಶದಿಂದ.

ಇನ್ನು ನಮ್ಮ ಸೀಮೆಯ ಮಾತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಉಳುವ ಎತ್ತು ಕಡಿಮೆಯಾದರೂ ಡೇರಿಗೆ ಹಾಲು ಹಾಕುವ ಮನೆಗಳು ಬೇಕಾದಷ್ಟಿವೆ. ಸೀಮೆಹಸು ಬಯಲಿಗೆ ಹೋಗುವುದಿಲ್ಲ. ಅದರ ಸಗಣಿಯೆಲ್ಲ ಕೊಟ್ಟಿಗೆಯಲ್ಲೇ. ಪುರಕ್ಕಿಲ್ಲದ ಅನುಕೂಲ ಇದು. ಆದಕಾರಣ ನನ್ನ ಸಲಹೆ ಹೀಗೆ.

ಮೂರು ನಾಲ್ಕು ಸೀಮೆಹಸು ಇರುವ ಮನೆಯವರು ಕರೆಂಟಿನ ಆಸೆಗೆ ಹೋಗಬೇಡಿ. 2 ಘನಮೀಟರಿನ ತೊಟ್ಟಿಗೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು. ಐದಾರು ಜನರ ಅಡಿಗೆ ಆಗುತ್ತದೆ. ಸಿಲಿಂಡರಿನ ಹಣ ಉಳಿಯುತ್ತದೆ. ಕಟ್ಟುವ ಮೊದಲು ಒಂದು ವಾರ ಸಗಣಿ ತೂಗಿ ಬರೆದಿಡಿ. ತೂಕ ಸಾಲದಿದ್ದರೆ ಚಿಕ್ಕ ತೊಟ್ಟಿ ಕಟ್ಟಿ, ಸಹಾಯಧನ ಹೆಚ್ಚು ಸಿಗುತ್ತದೆ ಎಂದು ದೊಡ್ಡದಕ್ಕೆ ಕೈ ಹಾಕಬೇಡಿ.

ಕರೆಂಟು ಮಾಡುವ ಯೋಚನೆ ಹತ್ತಾರು ಹಸುಗಳಿರುವ ಡೇರಿ ಫಾರಂಗೆ, ವಿದ್ಯಾರ್ಥಿನಿಲಯಕ್ಕೆ, ಸಂತೆಮಾಳದ ಕೊಳೆತ ತರಕಾರಿ ಸಿಗುವ ಪಂಚಾಯಿತಿಗೆ ಒಪ್ಪುತ್ತದೆ. ಅಲ್ಲಿಯೂ ಯಂತ್ರದ ಬೆಲೆ ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ: ದಿನಾ ತಂದು ಹಾಕುವವರು ಯಾರು? ಅವರಿಗೆ ಸಿಗುವುದೇನು? ಗೊಬ್ಬರ ಯಾರ ಹೊಲಕ್ಕೆ ಹೋಗುತ್ತದೆ? ಮೂರಕ್ಕೂ ಉತ್ತರ ಬರೆದು ಸಹಿ ಹಾಕಿದ ಮೇಲೆ ಗುದ್ದಲಿ ಪೂಜೆ ಮಾಡಿ. ನಿಮ್ಮೂರಿನ ಅಂಚಿಗೆ ಪೇಟೆಯ ಕಸ ಬರುವುದಾದರೆ, ಬೆರಕೆ ಕಸ ಬೇಡ, ಹಸಿ ಕಸವನ್ನು ಬೇರೆ ಮಾಡಿ ಕೊಡಿ ಎಂದು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಿ.

ಒಂದು ಎಚ್ಚರಿಕೆ. ತೊಟ್ಟಿಯೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ, ಮಕ್ಕಳನ್ನು ಇಳಿಸಬೇಡಿ. ಖಾಲಿಯಾಗಿ ಕಂಡರೂ ಒಳಗೆ ಉಸಿರಾಟಕ್ಕೆ ಗಾಳಿ ಇರುವುದಿಲ್ಲ. ಒಬ್ಬ ಬಿದ್ದನೆಂದು ಎತ್ತಲು ಹೋದ ಇನ್ನೊಬ್ಬನೂ ಸಾಯುತ್ತಾನೆ. ಕೊಳವೆಯ ಬಳಿ ಗ್ಯಾಸಿನ ವಾಸನೆ ಬಂದರೆ ಬೀಡಿ, ಬೆಂಕಿಕಡ್ಡಿ ದೂರ. ಸೋರುವ ಜಾಗ ನೋಡಲು ಸಾಬೂನು ನೀರು ಹಚ್ಚಿ. ಗುಳ್ಳೆ ಬಂದರೆ ಅಲ್ಲೇ ಸೋರಿಕೆ.

ಸಹಾಯಧನ, ಮಾದರಿ, ಕಟ್ಟುವ ಮೇಸ್ತ್ರಿಗಳ ವಿಚಾರವನ್ನು ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ, ಇಲ್ಲವೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹೋಗುವಾಗ ಒಂದು ವಾರದ ಸಗಣಿಯ ಲೆಕ್ಕದ ಚೀಟಿ ಕೈಯಲ್ಲಿರಲಿ. ಆ ಚೀಟಿಯಿಂದಲೇ ನಿಮ್ಮ ತೊಟ್ಟಿಯ ಅಳತೆ ಗೊತ್ತಾಗುತ್ತದೆ.